ಸಗರನಾಡಿನ ವಿದ್ಯಾರ್ಥಿ ಮತ್ತು ದಾಸೋಹದ ಪ್ರಶ್ನೆ

ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳ ಕಾಲೇಜುಗಳಿಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಗಳವರು. ಕೆಲವರು ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಕೆಲವರಿಗೆ ಸರಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆ. ಎರಡೂ ಆಗದವರು ಇಬ್ಬರೋ ಮೂವರೋ ಕೂಡಿ ಯಾವುದಾದರೂ ಓಣಿಯಲ್ಲಿ ರೂಮು ಹಿಡಿಯುತ್ತಾರೆ. ಪದವಿ ಮುಗಿಸಿ ಮುಂದೆ ಓದುವವರು ಕಲಬುರಗಿಗೋ ರಾಯಚೂರಿಗೋ ಹೋಗಿ ಅಲ್ಲಿಯೂ ಹೀಗೆಯೇ ರೂಮು ಮಾಡುತ್ತಾರೆ. ಇವರಿಗೆ ಬೇಕಾಗುವುದು ಹೆಚ್ಚೇನಲ್ಲ: ಎರಡು ಹೊತ್ತಿನ ಊಟ, ಮಳೆಗೆ ಸೋರದ ಸೂರು, ರಾತ್ರಿ ಓದಲು ಬೆಳಕು, ಬಸ್ಸಿನ ಖರ್ಚು, ಜ್ವರ ಬಂದಾಗ ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. ಇವನ್ನು ಊರು ಕೊಟ್ಟಾಗ ಆ ಕೊಡುಗೆ ದಾನವೇ, ಸಾಲವೇ, ಅಥವಾ ವಿದ್ಯಾರ್ಥಿಯ ಹಕ್ಕೇ? ಉಂಡವನು ಇಟ್ಟವನಿಗೆ ಏನು ಕೊಡಬೇಕು? ಅನ್ನ ಇಟ್ಟವನಿಗೆ ಉಂಡವನ ಕುಲ ಕೇಳುವ ಅಧಿಕಾರ ಉಂಟೇ? ಶರಣರ ದಾಸೋಹವನ್ನೂ ಸೂಫಿಗಳ ಲಂಗರನ್ನೂ ನೂರಾರು ವರ್ಷ ಕಂಡಿರುವ ಈ ನೆಲದಲ್ಲಿ ಇವು ಬಹಳ ಹಳೆಯ ಧಾರ್ಮಿಕ ಪ್ರಶ್ನೆಗಳು.

ಈ ಪ್ರಶ್ನೆಗಳು ಇಲ್ಲಿ ಬರೀ ತತ್ತ್ವಚರ್ಚೆಯಾಗಿ ಉಳಿಯದಿರುವುದಕ್ಕೆ ಕಾರಣವಿದೆ. ಕಲಬುರಗಿ ಜಿಲ್ಲೆಯಿಂದ ಬೇರೆಯಾಗಿ 2010ರಲ್ಲಿ ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯಲ್ಲಿ 2011ರ ಜನಗಣತಿಯಂತೆ ಅಕ್ಷರ ಬಲ್ಲವರು ಸುಮಾರು ಶೇ. 52 ಮಾತ್ರ. ರಾಜ್ಯದಲ್ಲೇ ಅದು ಅತಿ ಕಡಿಮೆ. ಹೀಗಾಗಿ ಇಲ್ಲಿ ಕಾಲೇಜು ಮೆಟ್ಟಿಲು ಹತ್ತುವವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಬಂದ ಮೊದಲಿಗರು. ಪಟ್ಟಣದಲ್ಲಿ ಅವರಿಗೆ ಮುಂಚೆ ಓದಿ ಹೋದ ಅಣ್ಣನಿಲ್ಲ, ಪರಿಚಯದ ಮೇಷ್ಟ್ರಿಲ್ಲ, ಉಳಿಯಲು ಬಂಧುಗಳ ಮನೆಯಿಲ್ಲ. ಶಹಾಪುರದ ಹತ್ತಿರದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಸುರಪುರದಲ್ಲಿ ಶ್ರೀ ಪ್ರಭು ಕಾಲೇಜಿದೆ, ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಆದರೆ ಕಾಲೇಜು ಕಟ್ಟಡಗಳು ಬಂದಷ್ಟು ವೇಗದಲ್ಲಿ ಉಣ್ಣುವ, ಮಲಗುವ ವ್ಯವಸ್ಥೆ ಬಂದಿಲ್ಲ.

ಈ ಭಾಗದಲ್ಲಿ ರೂಮಿನ ಹುಡುಗರನ್ನು ಬಹುಕಾಲ ಸಾಕಿದ್ದು ಬುತ್ತಿ. ಹಳ್ಳಿಯಿಂದ ಬರುವ ಬಸ್ಸಿನಲ್ಲಿ ಕಂಡಕ್ಟರನ ಕೈಗೋ ಊರಿನವರ ಕೈಗೋ ಕೊಟ್ಟು ಕಳಿಸಿದ ಗಂಟಿನಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಾರಬ್ಯಾಳಿ ಇರುತ್ತವೆ. ನಾಲ್ಕಾರು ದಿನ ಕೆಡದ ಈ ಅಡುಗೆಯೇ ಎಷ್ಟೋ ಮಂದಿಯ ಪದವಿಯ ಹಿಂದಿರುವ ಶಕ್ತಿ. ಆದರೆ ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಂತೂ, ಯಾದಗಿರಿ ಜಿಲ್ಲೆಯ ಅನೇಕ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ ಕಡೆ ದುಡಿಯಲು ಗುಳೆ ಹೋಗುತ್ತವೆ. ಆಗ ಹಳ್ಳಿಯ ಮನೆಗೆ ಬೀಗ ಬೀಳುತ್ತದೆ, ಬುತ್ತಿ ನಿಲ್ಲುತ್ತದೆ. ಮಗ ಪರೀಕ್ಷೆಗೆ ಕೂಡುವ ತಿಂಗಳುಗಳಲ್ಲೇ ಅವನ ಒಲೆ ದೂರದ ನಗರಕ್ಕೆ ಹೋಗಿರುತ್ತದೆ. ಖಾನಾವಳಿಯ ತಿಂಗಳ ಲೆಕ್ಕ ಕೊಡಲಾಗದವನು ಒಂದು ಹೊತ್ತು ಬಿಟ್ಟು ಒಂದು ಹೊತ್ತು ಉಣ್ಣುತ್ತಾನೆ. ಊರು ಏನು ಮಾಡಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಓದುವವನನ್ನು ಸಾಕುವುದು ಸಮಾಜದ ಕೆಲಸ ಎಂಬ ತಿಳಿವಳಿಕೆಗೆ ಈ ನೆಲದಲ್ಲಿ ಸಾವಿರ ವರ್ಷದ ಸಾಕ್ಷಿಯಿದೆ. ಯಾದಗಿರಿಗೆ ಸಮೀಪದ ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ವಿಷಯವನ್ನು ಕಲ್ಯಾಣ ಚಾಲುಕ್ಯರ ಕಾಲದ, ಕ್ರಿ.ಶ. 1058ರ ಶಾಸನ ವಿವರವಾಗಿ ತಿಳಿಸುತ್ತದೆ. ದಂಡನಾಯಕ ಮಧುಸೂದನನ ಈ ದತ್ತಿಯಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಸುಮಾರು 50 ಮಂದಿ, ಅವರ ಗುರುಗಳು, ಜೊತೆಗೆ ಪುಸ್ತಕಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು ಸೇರಿದ್ದರು. ಇವರ ನಿರ್ವಹಣೆಗೆ ಭೂಮಿಯ ಆದಾಯವನ್ನೇ ಬಿಟ್ಟುಕೊಡಲಾಗಿತ್ತು. ರಾಜನ ಮನಸ್ಸು ಬದಲಾದರೂ ವಿದ್ಯಾರ್ಥಿಯ ಊಟ ತಪ್ಪಬಾರದು ಎಂಬ ದೂರದೃಷ್ಟಿ ಈ ಏರ್ಪಾಟಿನಲ್ಲಿದೆ. ಇಂದಿನ ಎಷ್ಟೋ ಯೋಜನೆಗಳಿಗೆ ಆ ಖಾತ್ರಿಯಿಲ್ಲ. ಇಷ್ಟನ್ನು ಮೆಚ್ಚಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ವೇದದ ಆ ಪಂಕ್ತಿಯಲ್ಲಿ ಹೊಲ ಉತ್ತು ಆ ಆದಾಯ ಹುಟ್ಟಿಸಿದವರ ಮಕ್ಕಳಿಗೆ ಜಾಗವಿರಲಿಲ್ಲ.

ವಾರಾನ್ನಕ್ಕೂ ಇದೇ ಮಿತಿ ಇತ್ತು. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಉಂಡು ಓದಿದವರು ಕರ್ನಾಟಕದ ಎಲ್ಲ ಕಡೆ ಇದ್ದರು. ಒಂದೇ ಮನೆಗೆ ಭಾರವಾಗದಂತೆ ಹೊರೆ ಹಂಚಿದ ಜಾಣತನ ಅದರಲ್ಲಿತ್ತು. ಆದರೆ ಆ ಏಳು ಮನೆಗಳೂ ಸಾಮಾನ್ಯವಾಗಿ ವಿದ್ಯಾರ್ಥಿಯ ಜಾತಿಯವೇ ಆಗಿರುತ್ತಿದ್ದವು. ಓದುವ ಸಂಪ್ರದಾಯವೂ ಉಳ್ಳ ಮನೆಗಳೂ ಇದ್ದ ಜಾತಿಯವನಿಗೆ ಏಳು ಬಾಗಿಲು ತೆರೆದವು. ಅವಿಲ್ಲದವನಿಗೆ ಒಂದೂ ತೆರೆಯಲಿಲ್ಲ. ಇದಲ್ಲದೆ ಉಣ್ಣುವ ಹುಡುಗನು ಮನೆಯೊಡತಿಯ ಮುಖಭಾವವನ್ನು ಓದಲು ಕಲಿಯಬೇಕಾಗುತ್ತಿತ್ತು. ಅನ್ನದ ಜೊತೆ ಸಂಕೋಚವನ್ನೂ ನುಂಗಬೇಕಾಗುತ್ತಿತ್ತು. ಫ್ರೆಂಚ್ ಚಿಂತಕ ಮಾರ್ಸೆಲ್ ಮಾಸ್ 1925ರಲ್ಲಿ ಕೊಡುಗೆಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಮರಳಿ ಕೊಡಲಾಗದ ಕೊಡುಗೆ ಪಡೆದವನನ್ನು ಕೊಟ್ಟವನಿಗಿಂತ ಕೆಳಗೆ ನಿಲ್ಲಿಸುತ್ತದೆ. ವಾರಾನ್ನ ಉಂಡು ಬೆಳೆದವರ ಆತ್ಮಕಥನಗಳಲ್ಲಿ ಕೃತಜ್ಞತೆ ಮತ್ತು ನೋವು ಒಂದೇ ಉಸಿರಿನಲ್ಲಿ ಬರುವುದು ಇದರಿಂದಲೇ.

ಈ ಇಕ್ಕಟ್ಟನ್ನು ಧರ್ಮಗ್ರಂಥಗಳು ಅರಿಯದೆ ಇಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಮರಳಿ ಉಪಕಾರ ಮಾಡಲಾರದವನಿಗೆ ಕೊಟ್ಟದ್ದನ್ನು ಮೇಲಿನದೆಂದೂ, ಪ್ರತಿಫಲ ನೆನೆದು ಕೊಟ್ಟದ್ದನ್ನು ಅದಕ್ಕಿಂತ ಕೆಳಗಿನದೆಂದೂ, ತಿರಸ್ಕಾರದಿಂದ ಕೊಟ್ಟದ್ದನ್ನು ತೀರ ಕೀಳೆಂದೂ ಎಣಿಸುತ್ತದೆ. ಕುರಾನಿನ 76ನೆಯ ಅಧ್ಯಾಯವು ಬಡವನಿಗೆ, ಅನಾಥನಿಗೆ, ಸೆರೆಯಾಳಿಗೆ ಉಣಿಸಿ, ಅವರಿಂದ ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸದವರನ್ನು ಹೊಗಳುತ್ತದೆ. ಬಸವಣ್ಣನ ಶತಮಾನದಲ್ಲಿಯೇ ಹುಟ್ಟಿದ ಯಹೂದಿ ದಾರ್ಶನಿಕ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಎಣಿಸಿದ. ಕೊಟ್ಟವನಿಗೆ ಪಡೆದವನೂ ಪಡೆದವನಿಗೆ ಕೊಟ್ಟವನೂ ಗೊತ್ತಿಲ್ಲದ ದಾನ ಅವನ ಲೆಕ್ಕದಲ್ಲಿ ಬಹಳ ಮೇಲಿನದು. ಅದಕ್ಕೂ ಮೇಲೆ ಅವನಿಟ್ಟದ್ದು ಮನುಷ್ಯ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವ ನೆರವನ್ನು. ವಿದ್ಯಾರ್ಥಿಯ ನೆರವು ಸಹಜವಾಗಿಯೇ ಈ ಕೊನೆಯ ಮೆಟ್ಟಿಲಿಗೆ ಸೇರಿದ್ದು. ಆದರೂ ಈ ಮೂರೂ ಉಪದೇಶಗಳು ಕೊಡುವವನ ಮನಸ್ಸನ್ನು ತಿದ್ದುತ್ತವೆ. ಕೊಡುವವನು ಯಾರು, ಅವನಲ್ಲಿ ಇರುವುದು ಯಾರದು ಎಂದು ಅವು ಅಷ್ಟು ಬಿರುಸಾಗಿ ಕೇಳುವುದಿಲ್ಲ.

ಹಾಗೆ ಕೇಳಿದ್ದು 12ನೆಯ ಶತಮಾನದ ಕಲ್ಯಾಣ. ಶರಣರ ವಿಚಾರದಲ್ಲಿ ಮನುಷ್ಯ ತನ್ನ ಕಾಯಕದಿಂದ ಗಳಿಸಿದ್ದೂ ಅವನ ಸ್ವಂತದ್ದಲ್ಲ. ಅದು ಶಿವನದು, ಅಂದರೆ ಜಂಗಮದ, ಸಮಾಜದ ಪಾಲಿನದು. ತನಗೆ ಬೇಕಾದಷ್ಟನ್ನು ಪ್ರಸಾದವೆಂದು ಪಡೆದು ಉಳಿದುದನ್ನು ಸಲ್ಲಿಸುವುದು ದಾಸೋಹ. ಹೀಗೆ ನೋಡಿದರೆ ಬಡಿಸುವವನು ಒಡೆಯನಲ್ಲ, ಬೇರೆಯವರ ವಸ್ತುವನ್ನು ಅವರಿಗೇ ಮುಟ್ಟಿಸುವ ಆಳು. ತನ್ನದಲ್ಲದ್ದನ್ನು ಕೊಟ್ಟು ಯಾರನ್ನೂ ಋಣದಲ್ಲಿ ಕೆಡಹಲು ಬರುವುದಿಲ್ಲ. ದಾನದ ತತ್ತ್ವದಲ್ಲಿ ಕೊಡುವವನು ವಿನಯವನ್ನು ಕಲಿಯಬೇಕಾಗುತ್ತದೆ. ದಾಸೋಹದಲ್ಲಿ ಅವನ ಹಿರಿಮೆಗೆ ಆಧಾರವೇ ಇರುವುದಿಲ್ಲ. ಮೆಸ್ ಬಿಲ್ಲು ಕಟ್ಟಲಾಗದೆ ತಲೆತಗ್ಗಿಸಿದ ಹುಡುಗನಿಗೆ ಸಗರನಾಡಿನ ಪರಂಪರೆ ಹೇಳಬಲ್ಲ ಅತ್ಯಂತ ಗೌರವದ ಮಾತು ಇದು.

ಸುರಪುರದಿಂದ ಕೃಷ್ಣೆ ದಾಟಿದರೆ ಲಿಂಗಸೂಗೂರು ಸೀಮೆಯ ಅಮರೇಶ್ವರ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಅಲ್ಲಿಯವರೆಂದು ಪ್ರತೀತಿ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಗಂಡನನ್ನು ಮರಳಿ ಕಳಿಸಿದಳು. ಈ ಕಥೆ ಪಡೆಯುವವರ ಧರ್ಮವನ್ನು ಹೇಳುತ್ತದೆ. ಪಡೆಯುವುದರಲ್ಲಿ ಅವಮಾನವಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಪಡೆಯುವುದರಲ್ಲಿದೆ. ಉಳ್ಳ ಮನೆಯ ವಿದ್ಯಾರ್ಥಿ ಆದಾಯದ ಸುಳ್ಳು ಪ್ರಮಾಣಪತ್ರ ತಂದು ಹಾಸ್ಟೆಲಿನ ಸೀಟನ್ನೋ ವಿದ್ಯಾರ್ಥಿವೇತನವನ್ನೋ ಹಿಡಿದಾಗ ನಡೆಯುವ ಅನ್ಯಾಯವನ್ನು ಅಳೆಯಲು ಲಕ್ಕಮ್ಮನಿಗಿಂತ ಒಳ್ಳೆಯ ಅಳತೆ ಸಿಗಲಾರದು. ಅಲ್ಲಿ ನಷ್ಟವಾಗುವುದು ಸರಕಾರಕ್ಕಲ್ಲ, ಗುಳೆ ಹೋದ ಮನೆಯ ಮಗನಿಗೆ.

ದಾಸೋಹದ ಹೆಸರನ್ನು ಈ ಭಾಗದ ಮನೆಮನೆಗೆ ಮುಟ್ಟಿಸಿದವರು ಕಲಬುರಗಿಯ ಶರಣಬಸವೇಶ್ವರರು. 1746ರಿಂದ 1822ರವರೆಗೆ ಬಾಳಿದ ಅವರು ಜೇವರ್ಗಿ ಸೀಮೆಯ ಅರಳಗುಂಡಗಿಯ ಒಕ್ಕಲಿಗರು. ಬೆಳೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಬರಗಾಲದಲ್ಲಿ ಹಸಿದು ಬಂದವರಿಗೆಲ್ಲ ಅವರ ಮನೆಯಲ್ಲಿ ಊಟವಿತ್ತು. ಅವರ ಸಂಸ್ಥಾನ 20ನೆಯ ಶತಮಾನದಲ್ಲಿ ದೊಡ್ಡಪ್ಪ ಅಪ್ಪ ಅವರ ಕಾಲದಿಂದ ಶಾಲೆ ಕಾಲೇಜುಗಳನ್ನು ತೆರೆಯಿತು. ಅನ್ನದ ದಾಸೋಹ ಅಕ್ಷರದ ದಾಸೋಹಕ್ಕೆ ದಾರಿಯಾಯಿತು. ಯಾದಗಿರಿಯ ಹತ್ತಿರದ ಅಬ್ಬೆತುಮಕೂರಿನ ವಿಶ್ವಾರಾಧ್ಯ ಮಠ, ಶಹಾಪುರದ ಚರಬಸವೇಶ್ವರ ಗದ್ದುಗೆ ಇದೇ ಪರಂಪರೆಯ ಕೇಂದ್ರಗಳು. ಜಾತ್ರೆಯ ದಿನಗಳಲ್ಲಿ ಹಳ್ಳಿಗಳು ಜೋಳ, ತೊಗರಿಬೇಳೆ, ರೊಟ್ಟಿಗಳನ್ನು ಮಠಗಳಿಗೆ ಹೊತ್ತು ತರುವುದನ್ನು ಈ ನಾಡಿನಲ್ಲಿ ಯಾರೂ ಸೋಜಿಗವೆಂದು ನೋಡುವುದಿಲ್ಲ.

ಈ ಪರಂಪರೆಯನ್ನು ಒಂದೇ ಧರ್ಮದ ಸೊತ್ತೆಂದು ಹೇಳಲು ಇಲ್ಲಿಯ ನೆಲವೇ ಒಪ್ಪುವುದಿಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. ಬಿಜಾಪುರದ ಮೊದಲ ಆದಿಲ್ ಶಾಹಿ ಅರಸರ ಗೋರಿಗಳೂ ಆ ಸಂತನ ಸನಿಹದಲ್ಲೇ ಇವೆ. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರರನ್ನು ಹಿಂದೂಗಳೂ ಮುಸ್ಲಿಮರೂ ತಮ್ಮವರೆನ್ನುತ್ತಾರೆ. ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿಯೂ ಎರಡೂ ಕಡೆಯ ಆಚರಣೆಗಳು ಬೆರೆತಿವೆ. ಸೂಫಿಗಳ ಖಾನ್‌ಖಾಗಳಲ್ಲಿ ಲಂಗರಿನ ಅನ್ನಕ್ಕೆ ಕುಲ ಕೇಳುವ ರೂಢಿ ಇರಲಿಲ್ಲ. ಬೀದರಿನ ಗುರುನಾನಕ್ ಝಿರಾದಲ್ಲಿ ಇಂದಿಗೂ ಯಾರು ಬಂದರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಇಸ್ಲಾಮಿನ ಜಕಾತಿನಲ್ಲಿ ನೂರಕ್ಕೆ ಎರಡೂವರೆಯಷ್ಟು ಬಡವರ ಪಾಲು. ಅದನ್ನು ಪಡೆಯಲು ಅರ್ಹರಾದ ಎಂಟು ಬಗೆಯವರಲ್ಲಿ ಮನೆಯಿಂದ ದೂರವಿರುವ ದಾರಿಹೋಕನೂ ಒಬ್ಬ. ಆ ಪಾಲನ್ನು ಕೊಡದೆ ಇಟ್ಟುಕೊಂಡವನು ಇನ್ನೊಬ್ಬರದ್ದನ್ನು ಇಟ್ಟುಕೊಂಡಂತೆ ಎಂಬ ಭಾವ ದಾಸೋಹದ ಭಾವಕ್ಕೆ ಬಹಳ ಹತ್ತಿರ. ಹೀಗೆ ಬೇರೆ ಬೇರೆ ದಾರಿಗಳು ಒಂದೇ ಕಡೆ ಬಂದು ಸೇರುವುದು ಸಗರನಾಡಿನ ಪುಣ್ಯವೆಂದೇ ಹೇಳಬೇಕು.

ಆಧುನಿಕ ಶಿಕ್ಷಣ ಬಂದ ಮೇಲೆ ದಾಸೋಹ ಪ್ರಸಾದನಿಲಯದ ರೂಪ ತಾಳಿತು. ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು ಹಾಕಿದ ಬುನಾದಿಯ ಮೇಲೆ ಶಿವಕುಮಾರ ಸ್ವಾಮಿಗಳು ಹತ್ತು ಸಾವಿರದಷ್ಟು ಮಕ್ಕಳಿಗೆ, ಎಲ್ಲ ಜಾತಿಯವರಿಗೆ, ಅನ್ನ ವಸತಿ ಕಲ್ಪಿಸಿದರು. ಸುತ್ತೂರಿನ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಧಾರವಾಡದ ಮುರುಘಾಮಠ ಉತ್ತರ ಕರ್ನಾಟಕದ ಅದೆಷ್ಟೋ ಬಡ ಹುಡುಗರಿಗೆ ಮನೆಯಾಯಿತು. ಇದರ ಜೊತೆಗೆ ಜಾತಿಗೊಂದು ಬೋರ್ಡಿಂಗು ಏಳುವ ಕಾಲವೂ ಬಂತು. ಅದನ್ನು ಸಂಕುಚಿತವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳಿಗೆ ಬೋರ್ಡಿಂಗು ಕಟ್ಟಿಸಿದ್ದು, ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದದ್ದು ಯಾರನ್ನೂ ಹೊರಗಿಡಲೆಂದಲ್ಲ. ಹೊರಗೇ ಉಳಿದವರಿಗೆ ಮೊದಲ ಬಾರಿ ಒಂದು ಒಳಗನ್ನು ಕೊಡಲೆಂದು. ಸ್ವಂತ ಬಾಗಿಲು ಇಲ್ಲದವನು ಬಾಗಿಲು ಕಟ್ಟಿಕೊಳ್ಳುವುದೂ ಬಾಗಿಲಿದ್ದವನು ಅದನ್ನು ಮುಚ್ಚಿಕೊಳ್ಳುವುದೂ ಒಂದೇ ಅಲ್ಲ.

ಸ್ವಾತಂತ್ರ್ಯಾನಂತರ ಈ ಹೊಣೆಯ ದೊಡ್ಡ ಭಾಗವನ್ನು ಸರಕಾರ ಹೊತ್ತಿತು. ಸಂವಿಧಾನದ 46ನೆಯ ವಿಧಿ ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟ ಜಾತಿ ಪಂಗಡಗಳ ಶೈಕ್ಷಣಿಕ ಹಿತವನ್ನು ಕಾಯುವುದು ರಾಜ್ಯದ ಕರ್ತವ್ಯವೆನ್ನುತ್ತದೆ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿವೆ. ಹಾಸ್ಟೆಲಿನಲ್ಲಿ ಸೀಟು ಸಿಗದೆ ರೂಮಿನಲ್ಲಿ ಉಳಿದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದೇ 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂತು. ಆರಂಭದಲ್ಲಿ ಊಟ ವಸತಿಗೆ ತಿಂಗಳಿಗೆ 1500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಸಹಾಯಧನ ಗೊತ್ತುಮಾಡಲಾಯಿತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಓಡಾಡುತ್ತಾರೆ. ಒಬ್ಬಳೇ ಹೆಣ್ಣುಮಗಳಿಗೆ ರೂಮು ಸಿಗುವುದೇ ಕಷ್ಟವಾದ ಊರುಗಳಲ್ಲಿ, ದಿನವೂ ಮನೆಯಿಂದ ಬಂದು ಹೋಗಲು ಸಾಧ್ಯವಾದದ್ದು ಎಷ್ಟೋ ಮಂದಿಯ ಓದು ನಿಲ್ಲದಂತೆ ಮಾಡಿದೆ.

ಸಾರ್ವಜನಿಕ ಗ್ರಂಥಾಲಯವನ್ನು ಇದೇ ಸಾಲಿನಲ್ಲಿ ನೆನೆಯಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿರುತ್ತದೆ. ಮನೆಪಟ್ಟಿ ಕಟ್ಟುವ ಕಿರಾಣಿ ಅಂಗಡಿಯವನು, ನಿವೃತ್ತ ಗುಮಾಸ್ತ, ವಿಧವೆ ತಾಯಿ ಎಲ್ಲರೂ ತಮಗೆ ಅರಿವಿಲ್ಲದೆಯೇ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾವನೋ ಹುಡುಗನ ಮೇಜು ಮತ್ತು ಬೆಳಕಿಗೆ ಪಾಲು ಕೊಟ್ಟಿರುತ್ತಾರೆ. ಕೊಟ್ಟವರಿಗೆ ಪಡೆದವನು ಗೊತ್ತಿಲ್ಲ, ಪಡೆದವನಿಗೆ ಕೊಟ್ಟವರು ಗೊತ್ತಿಲ್ಲ. ಮೈಮೊನಿಡೀಸ್ ಅಷ್ಟು ಎತ್ತರದಲ್ಲಿಟ್ಟ ದಾನ ತೆರಿಗೆಯ ರೂಪದಲ್ಲಿ ಪ್ರತಿ ಊರಿನಲ್ಲೂ ನಡೆದಿದೆ. ನಾಗಾವಿಯ ಸರಸ್ವತೀ ಭಂಡಾರ ಕೆಲವರಿಗೆ ತೆರೆದಿತ್ತು, ಇದು ಎಲ್ಲರಿಗೂ ತೆರೆದಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಕ್ಕಾಗಿ ಬಂದ ಅನ್ನಕ್ಕೆ ಧಾರ್ಮಿಕ ಬೆಲೆ ಏನು? ತೆರಿಗೆ ಕಟ್ಟುವವನಿಗೆ ಭಕ್ತಿಯಿಲ್ಲ, ಪಡೆಯುವವನಿಗೆ ನಮ್ರತೆಯಿಲ್ಲ, ಕೊಡುವಾಗ ಇರಬೇಕಾದ ಅಂತಃಕರಣ ಕಚೇರಿಯ ಕಡತದಲ್ಲಿ ಸತ್ತುಹೋಗುತ್ತದೆ ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಾಸ್ಟೆಲಿನ ಅಡುಗೆ ಕೆಟ್ಟರೆ ಕೇಳುವವರಿಲ್ಲ, ವಿದ್ಯಾಸಿರಿಯ ಹಣ ತಡವಾದರೆ ಆ ತಿಂಗಳ ಹಸಿವು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಆದರೂ ದಾಸೋಹದ ತತ್ತ್ವವನ್ನು ಕೊನೆಯವರೆಗೆ ಒಪ್ಪಿದವನು ಹಕ್ಕನ್ನು ವಿರೋಧಿಸಲಾರ. ಧಾನ್ಯ ಸಮಾಜದ್ದು ಎನ್ನುವುದಾದರೆ ಹಸಿದ ವಿದ್ಯಾರ್ಥಿ ಅದನ್ನು ಕೇಳುವುದು ಬೇಡುವುದಲ್ಲ, ತನ್ನ ಪಾಲು ಪಡೆಯುವುದು. ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ಮೊದಲು ಕಲಬುರಗಿ, ರಾಯಚೂರು, ಬೀದರ ಮುಂತಾದ ಏಳು ಈಶಾನ್ಯ ಜಿಲ್ಲೆಗಳ ಶಾಲೆಗಳಲ್ಲಿ ಆರಂಭವಾಯಿತು. ಅಂದು ಯಾದಗಿರಿ, ಶಹಾಪುರ, ಸುರಪುರಗಳು ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಆ ಯೋಜನೆಯನ್ನು ಅಕ್ಷರ ದಾಸೋಹವೆಂದು ಕರೆಯಿತು. ಆ ಊಟ ಉಂಡು ಬೆಳೆದ ಮಕ್ಕಳೇ ಇಂದು ಪದವಿ ಕಾಲೇಜಿನಲ್ಲಿ, ರೂಮುಗಳಲ್ಲಿ ಇದ್ದಾರೆ. ಎಸ್ಸೆಸ್ಸೆಲ್ಸಿ ದಾಟಿದ ದಿನದಿಂದ ಅವರ ಹಸಿವು ಅವರ ಸ್ವಂತದ್ದಾಗುವುದು ಯಾವ ನ್ಯಾಯವೆಂದು ಅವರು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಅನ್ನದ ವಿಷಯದಲ್ಲಿ ಹೀಗೆ ಒಂದು ದಾರಿ ಕಾಣುತ್ತದೆ. ಸೂರಿನ ವಿಷಯದಲ್ಲಿ ಪರಂಪರೆ ತನ್ನ ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸುತ್ತದೆ. ರೂಮು ಕೇಳಿಕೊಂಡು ಹೋದ ಹುಡುಗನಿಗೆ ಮನೆ ಮಾಲೀಕನು ಯಾವ ಕಾಲೇಜು, ಯಾವ ಊರು ಎಂದು ಕೇಳಿದ ಮೇಲೆ, ನೇರವಾಗಿಯೋ ಸುತ್ತಿ ಬಳಸಿಯೋ, ಯಾವ ಮಂದಿ ಎಂದು ಕೇಳುತ್ತಾನೆ. ಅಪ್ಪನ ಹೆಸರು, ಅಡ್ಡಹೆಸರು, ಮನೆದೇವರು ಯಾವುದೆಂಬ ವಿಚಾರಣೆಯ ಗುರಿಯೂ ಅದೇ. ಉತ್ತರ ಕೇಳಿದ ಮೇಲೆ ಖಾಲಿಯಿದ್ದ ರೂಮು ನಿನ್ನೆಯೇ ಇನ್ನೊಬ್ಬರಿಗೆ ಆಗಿಹೋಗಿರುತ್ತದೆ. ಇದು ಈ ಮೂರು ಪಟ್ಟಣಗಳ ಮಾತಷ್ಟೇ ಅಲ್ಲ, ದೇಶದ ಯಾವ ನಗರವೂ ಇದರಿಂದ ಹೊರತಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರರಿಗೆ 1917ರಲ್ಲಿ ಬರೋಡಾ ನಗರದಲ್ಲಿ ಉಳಿಯಲು ಜಾಗ ಸಿಗಲಿಲ್ಲ. ಗುರುತು ಮರೆಸಿ ಪಾರ್ಸಿ ವಸತಿಗೃಹವೊಂದರಲ್ಲಿದ್ದ ಅವರನ್ನು ಬಡಿಗೆ ಹಿಡಿದು ಬಂದವರು ಹೊರಹಾಕಿದರು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು, 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು. ಆದರೂ ಮನೆಯ ಮಹಡಿಯ ಮೇಲಿನ ಒಂದು ರೂಮನ್ನು ಯಾರಿಗೆ ಕೊಡಬೇಕೆಂಬುದು ರೂಢಿಯಲ್ಲಿ ಮಾಲೀಕನ ಮನಸ್ಸಿಗೇ ಉಳಿದಿದೆ. ಕಾನೂನು ತಲುಪದ ಆ ಮನಸ್ಸಿನ ಮೂಲೆಯಲ್ಲಿ ಧರ್ಮ ಮಾತಾಡಬೇಕಿತ್ತು.

ರೂಮು ಇಲ್ಲವೆಂದ ಅದೇ ಮನುಷ್ಯ ಶ್ರಾವಣದಲ್ಲಿ ಮಠದ ಪಂಕ್ತಿಯಲ್ಲಿ ಸೊಂಟ ಬಗ್ಗಿಸಿ, ಯಾರು ಕುಳಿತಿದ್ದಾರೆಂದು ನೋಡದೆ ಸಜ್ಜಕ, ಹುಗ್ಗಿ ಬಡಿಸುತ್ತಾನೆ. ಅವನ ಭಕ್ತಿ ಸುಳ್ಳಲ್ಲ. ಅವನು ದಾಸೋಹದ ಅರ್ಧವನ್ನು ಮಾತ್ರ ಕಲಿತಿದ್ದಾನೆ. ಬಡಿಸುವುದು ಸುಲಭದ ಅರ್ಧ. ಅಲ್ಲಿ ಬಡಿಸುವ ಕೈ ಮೇಲಿರುತ್ತದೆ, ಒಂದು ಹೊತ್ತಿಗೆ ಮುಗಿಯುತ್ತದೆ, ಉಂಡವನು ಎದ್ದು ಹೋಗುತ್ತಾನೆ. ಬಾಡಿಗೆಯವನು ಎದ್ದು ಹೋಗುವುದಿಲ್ಲ. ಅವನು ಅದೇ ನಳದ ನೀರು ಹಿಡಿಯುತ್ತಾನೆ, ಅದೇ ಮೆಟ್ಟಿಲು ಹತ್ತುತ್ತಾನೆ, ಅವನ ಒಲೆಯ ವಾಸನೆ ಮಾಲೀಕನ ಪಡಸಾಲೆಗೆ ಬರುತ್ತದೆ, ಹಬ್ಬಕ್ಕೆ ಊರಿಂದ ಬಂದ ಹೋಳಿಗೆಯನ್ನು ತಟ್ಟೆಯಲ್ಲಿಟ್ಟು ತಂದುಕೊಡುತ್ತಾನೆ. ಆ ತಟ್ಟೆಯನ್ನು ತೆಗೆದುಕೊಳ್ಳಬೇಕಾದಾಗ ದಾಸೋಹದ ಇನ್ನರ್ಧ ಎದುರಾಗುತ್ತದೆ.

ವೀರಶೈವ ಪುರಾಣಗಳು ಈ ಇನ್ನರ್ಧವನ್ನು ಮರೆತಿಲ್ಲ. ಬಸವಣ್ಣ ಅಸ್ಪೃಶ್ಯನೆನಿಸಿಕೊಂಡ ನಾಗಿದೇವನ ಮನೆಗೆ ತಾನೇ ಹೋಗಿ ಅಲ್ಲಿ ಪ್ರಸಾದ ಪಡೆದನೆಂಬ ಕಥೆಯನ್ನು ಅವು ಹೇಳುತ್ತವೆ. ದೊರೆ ಬಿಜ್ಜಳನ ಬಳಿಗೆ ದೂರು ಹೋದದ್ದು ಅದಕ್ಕೇ. ಗಮನಿಸಬೇಕಾದ್ದು ಇಷ್ಟು: ಮಹಾಮನೆಯಲ್ಲಿ ಸಾವಿರಾರು ಮಂದಿಗೆ ಉಣಿಸಿದ್ದರ ಮೇಲೆ ದೂರಿರಲಿಲ್ಲ, ಕೆಳಗಿನವನೆಂದು ಎಣಿಸಲಾದವನ ಕೈಯಿಂದ ಉಂಡದ್ದರ ಮೇಲೆ ಇತ್ತು. ಊರಿನ ಕಟ್ಟಳೆಗೆ ಕೊಡುವುದರಿಂದ ಧಕ್ಕೆಯಾಗದು, ತೆಗೆದುಕೊಳ್ಳುವುದರಿಂದ ಆಗುತ್ತದೆ. ಆಮೇಲೆ ಅಸ್ಪೃಶ್ಯನೆನಿಸಿಕೊಂಡ ಹರಳಯ್ಯ ಮತ್ತು ಬ್ರಾಹ್ಮಣ ಮೂಲದ ಮಧುವರಸರ ಮಕ್ಕಳ ಮದುವೆಯ ವಿಷಯದಲ್ಲಿ ಕಲ್ಯಾಣ ರಕ್ತಪಾತ ಕಂಡದ್ದೂ ಈ ಗೆರೆಯ ಆಚೆಗೆ ಕಾಲಿಟ್ಟಿದ್ದಕ್ಕೆ. ಈ ಬೆಳಕಿನಲ್ಲಿ ನೋಡಿದರೆ, ದಾಸೋಹ ಪೂರ್ಣವಾಗುವುದು ಎಷ್ಟು ಮಂದಿಗೆ ಉಣಿಸಿದೆವು ಎಂಬುದರಿಂದಲ್ಲ, ಯಾರ ತಟ್ಟೆಯಿಂದ ಉಂಡೆವು, ಯಾರನ್ನು ಮಗ್ಗುಲಲ್ಲಿ ಇರಗೊಟ್ಟೆವು ಎಂಬುದರಿಂದ. ಪಟ್ಟಣದ ಒಬ್ಬ ಗೃಹಸ್ಥ ಕುಲ ಕೇಳದೆ ಕೊಡುವ ರೂಮು, ಜಾತ್ರೆಯ ದೊಡ್ಡ ಕಡಾಯಿಗಳಿಗಿಂತ ಶರಣರ ಮಾತಿಗೆ ಹತ್ತಿರವಾದದ್ದು.

ಮಾಲೀಕನ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ಬಾಡಿಗೆ ಸರಿಯಾಗಿ ಬರಬೇಕು, ರಾತ್ರಿ ಗದ್ದಲ ಇರಬಾರದು, ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂಬ ಚಿಂತೆ ನ್ಯಾಯವಾದದ್ದೇ. ಇವುಗಳಿಗೆ ವಿದ್ಯಾರ್ಥಿಯ ನಡತೆ ಉತ್ತರ ಹೇಳಬಲ್ಲದು, ಅವನ ಜಾತಿ ಹೇಳಲಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಕಾಳಜಿ ಕಾವಲಾಗಿ ಬಿಡುವ ಅಪಾಯ ಬೇರೆಯಿದೆ. ಗ್ರಂಥಾಲಯ ಮುಚ್ಚುವ ಹೊತ್ತಿಗೆ ಮೊದಲೇ ಬಾಗಿಲು ಹಾಕುವ ಮನೆಯಲ್ಲಿ ಅವಳಿಗೆ ರಕ್ಷಣೆ ಸಿಕ್ಕರೂ ಓದು ಸಿಗುವುದಿಲ್ಲ.

ಇನ್ನು ಉಳಿದದ್ದು ಋಣದ ಪ್ರಶ್ನೆ. ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಹುಟ್ಟುತ್ತಾನೆ ಎಂಬ ವೈದಿಕ ವಿಚಾರ ಪ್ರಸಿದ್ಧ. ದೇವಋಣ, ಋಷಿಋಣ, ಪಿತೃಋಣಗಳಿಗೆ ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸುತ್ತದೆ. ಋಷಿಋಣ ತೀರುವುದು ಅಧ್ಯಯನದಿಂದ. ಮನುಷ್ಯಋಣ ತೀರುವುದು ಇತರರಿಗೆ ವಸತಿಯನ್ನೂ ಊಟವನ್ನೂ ಕೊಡುವುದರಿಂದ. ಈ ಎರಡನ್ನು ಒಟ್ಟಿಗಿಟ್ಟರೆ ರೂಮಿನ ವಿದ್ಯಾರ್ಥಿಯ ಚಿತ್ರವೇ ಬದಲಾಗುತ್ತದೆ. ಓದುತ್ತಿರುವ ಹುಡುಗ ಈಗಾಗಲೇ ಒಂದು ಋಣ ತೀರಿಸುತ್ತಿದ್ದಾನೆ. ಅವನಿಗೆ ಸೂರು ಕೊಟ್ಟ ಊರೂ ತನ್ನ ಋಣ ತೀರಿಸುತ್ತಿದೆ. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಸಾಲಗಾರರಲ್ಲ. ಈ ವಿಚಾರವನ್ನು ಹೇಳಿದ ಕಾಲ ಅಧ್ಯಯನದ ಅಧಿಕಾರವನ್ನು ಕೆಲವೇ ಕುಲಗಳಿಗೆ ಮೀಸಲಿಟ್ಟಿತ್ತು ಎಂಬುದನ್ನು ಮರೆಯಲಾಗದು. ಆ ಬೇಲಿಯನ್ನು ಶರಣರು ಕಿತ್ತರು, ಸಂವಿಧಾನ ಮತ್ತೆ ಹುಟ್ಟದಂತೆ ಬುಡಕ್ಕೆ ಕೈಹಾಕಿತು. ಬೇಲಿ ತೆಗೆದ ಮೇಲೆ ಉಳಿಯುವ ವಿಚಾರ ಬೆಲೆಯುಳ್ಳದ್ದು.

ಹೀಗಾಗಿ ಉಂಡವನು ಇಟ್ಟವನಿಗೇ ಮರಳಿ ಕೊಡಬೇಕೆಂಬ ನಿಯಮವಿಲ್ಲ. ಕೊಡುಗೆ ಮುಂದಕ್ಕೆ ಸಾಗಬೇಕು. ಕಲಿಯುವಾಗಲೇ ಅದು ಶುರುವಾಗಬಹುದು: ಓಣಿಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದು, ಅರ್ಜಿ ತುಂಬಲು ಬಾರದ ಹೊಸ ಹುಡುಗನ ಜೊತೆ ವಿದ್ಯಾರ್ಥಿವೇತನದ ಕಚೇರಿಗೆ ಹೋಗುವುದು, ಬುತ್ತಿ ನಿಂತವನನ್ನು ತನ್ನ ರೊಟ್ಟಿಗೆ ಕರೆಯುವುದು. ರೂಮುಗಳಲ್ಲಿ ಇದು ಯಾರ ಉಪದೇಶವೂ ಇಲ್ಲದೆ ನಡೆಯುತ್ತದೆ. ಬೇರೆ ಬೇರೆ ಜಾತಿಯ ಮೂವರು ಒಂದೇ ಗಂಟು ಬಿಚ್ಚಿ ಉಣ್ಣುವಾಗ ಹಿರಿಯರಿಗೆ ಕಷ್ಟವಾದ ಇನ್ನರ್ಧ ಅವರಿಗೆ ಸಹಜವಾಗಿರುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಿಂದ ಬಂದ ಮೀಸಲಾತಿಯಲ್ಲಿ ಹೀಗೆ ಓದಿದವರು ಈಗ ಶಿಕ್ಷಕರು, ಪೊಲೀಸರು, ದಾದಿಯರು, ಎಂಜಿನಿಯರುಗಳಾಗುತ್ತಿದ್ದಾರೆ. ಅವರು ಯಾದಗಿರಿಯಲ್ಲೋ ಶಹಾಪುರದಲ್ಲೋ ಮನೆ ಕಟ್ಟಿಸುವಾಗ ಮೇಲಿನ ಮಹಡಿಯಲ್ಲಿ ಬಾಡಿಗೆಗೆಂದು ಒಂದೆರಡು ರೂಮು ತೆಗೆಸುವುದು ಸಾಮಾನ್ಯ. ಹಳ್ಳಿಯಿಂದ ಬಂದ ಹುಡುಗ ಅವರ ಬಾಗಿಲು ತಟ್ಟಿದಾಗ ಯಾವ ಕಾಲೇಜು, ಯಾವ ಊರು, ಊಟಕ್ಕೆ ಏನು ಮಾಡುತ್ತಿ ಎಂದು ಕೇಳಿ, ಅಲ್ಲಿಗೆ ಪ್ರಶ್ನೆ ನಿಲ್ಲಿಸಲು ಅವರಿಗೆ ಸಾಧ್ಯವಿದೆ.